ಹರಿಯುವುದಕ್ಕೊಂದು ಕಾರ್ಡು

ನನಗೊಂದು ಅಭ್ಯಾಸವಿದೆ. ಹೇಳಿದರೆ ನೀವು ನಗಬಹುದು, ನಕ್ಕರೆ ಬೇಸರವಿಲ್ಲ. ಕುಟುಂಬದಲ್ಲಿ ಯಾರೋ ತೀರಿಕೊಂಡರೆಂದು ಇ-ಮೇಲ್ ಬಂದರೆ ನಾನು ಅದನ್ನು ಓದಿ ಸುಮ್ಮನಾಗುವುದಿಲ್ಲ. ಪ್ರಿಂಟ್ ತೆಗೆಯುತ್ತೇನೆ. ಅಂಗಡಿಯ ಮೂರು ಮೆಟ್ಟಿಲಿಳಿದು ಹೊರಗೆ ನಿಂತು ಇನ್ನೊಮ್ಮೆ ಓದುತ್ತೇನೆ. ಆಮೇಲೆ ಆ ಕಾಗದವನ್ನು ನಾಲ್ಕು ಚೂರಾಗಿ ಹರಿದು ಹಾಕಿ, ಒಳಗೆ ಬಂದು ಮೇಲನ್ನು ಅಳಿಸಿ, ಬಾಗಿಲೆಳೆದುಕೊಂಡು ಸ್ನಾನಕ್ಕೆಂದು ಮನೆಗೆ ಹೋಗುತ್ತೇನೆ. ಶಿರಸಿಯಲ್ಲಿ ಲಗ್ನಪತ್ರಿಕೆ ಅಚ್ಚು ಮಾಡುವ ಸಣ್ಣದೊಂದು ಡಿಟಿಪಿ ಅಂಗಡಿ ನನ್ನದು. ಕಾಗದಕ್ಕೆ ಬರವಿಲ್ಲ. ಆದರೂ ಮಗಳಿಗೆ ಇದನ್ನು ಕಂಡು ತಡೆಯಲಾಗುವುದಿಲ್ಲ.

"ಅಪ್ಪ, ಹರಿಯೂದೇ ಆದ್ರೆ ಪ್ರಿಂಟ್ ಎಂತಕ್ಕೆ ತೆಗೀತೆ?" ಎಂದು ಕೇಳುತ್ತಾಳೆ.

ಒಂದು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ ನಾನು ಇದುವರೆಗೆ ಅವಳಿಗೆ ಉತ್ತರ ಕೊಟ್ಟಿಲ್ಲ. ನಿಮಗೆ ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ ಸಾವಿನ ಸುದ್ದಿ ಕಾರ್ಡಿನಲ್ಲಿ ಬರುತ್ತಿತ್ತು. ಆ ಕಾರ್ಡಿನ ತಲೆಯ ಮೇಲೆ ಶ್ರೀಕಾರ ಇರುತ್ತಿರಲಿಲ್ಲ, "ನಾವೆಲ್ಲ ಕ್ಷೇಮ" ಎಂಬ ಸಾಲೂ ಇರುತ್ತಿರಲಿಲ್ಲ. ನಮ್ಮ ಪೋಸ್ಟಿನವನಿಗೆ ಅದು ಗೊತ್ತು. ಬೇರೆ ದಿನ ಜಗುಲಿಗೆ ಬಂದು ಕೂತು ಮಜ್ಜಿಗೆ ಕುಡಿದು ಹೋಗುವವನು ಅಂದು ಬೇಲಿಬಾಗಿಲಿನ ದಣಪೆಯ ಹೊರಗೇ ನಿಂತು ಅಪ್ಪನನ್ನು ಕೂಗುತ್ತಿದ್ದ. ಅಪ್ಪ ಅಂಗಳದಲ್ಲೇ ಓದಿ, ಅಲ್ಲೇ ಹರಿದು, ಚೂರುಗಳನ್ನು ಬೇಲಿಯ ಬುಡಕ್ಕೆ ಹಾಕಿ ಬರುತ್ತಿದ್ದ. ಆ ಕಾರ್ಡು ಮನೆಯೊಳಗೆ ಬರಬಾರದು. ಆಮೇಲೆ ಎಲ್ಲರಿಗೂ ಸ್ನಾನ, ಹತ್ತು ದಿನದ ಸೂತಕ, ದೇವರಿಗೆ ಪೂಜೆಯಿಲ್ಲ. ಸತ್ತವರನ್ನು ನಾನು ಕಂಡಿರುತ್ತಿದ್ದದ್ದೂ ಅಪರೂಪ. ಒಮ್ಮೆ ಕಾವಲಿಯ ಮೇಲೆ ದೋಸೆ ಬೇಯುತ್ತಿರುವಾಗಲೇ ಕಾರ್ಡು ಬಂದು, ನನ್ನನ್ನು ಬಚ್ಚಲಿಗೆ ಅಟ್ಟಿದರು. ಮಿಂದು ಬರುವಷ್ಟರಲ್ಲಿ ದೋಸೆ ತಣ್ಣಗಾಗಿತ್ತು. ನಾನು ಅತ್ತೆ. ಯಾವುದೋ ಮುದುಕ ಸತ್ತದ್ದಕ್ಕೆ ಈ ಮಾಣಿ ಎಷ್ಟು ಅಳುತ್ತಾನೆ, ಎಂಥ ಮನಸ್ಸು ಎಂದು ನೆರೆಮನೆಯವರು ಹೊಗಳಿದರು. ನಾನು ತಿದ್ದಲು ಹೋಗಲಿಲ್ಲ.

ಕುಟುಂಬದ ಯಾವ ಯಾವ ಮನೆಗೆ ಸುದ್ದಿ ಮುಟ್ಟಿಸಬೇಕು ಎಂಬುದಕ್ಕೆ ಒಂದು ಪುಸ್ತಕವಿತ್ತು. ಅದು ವಾನಳ್ಳಿ ಅಜ್ಜನ ವಶದಲ್ಲಿತ್ತು. ಅಜ್ಜ ನಮ್ಮ ಕುಟುಂಬಕ್ಕೆಲ್ಲ ಹಿರಿಯ, ಯಾರ ಸೂತಕ ಯಾರಿಗೆ ಎಷ್ಟು ದಿನ ಎಂದು ಪಂಚಾಂಗ ನೋಡದೆ ಹೇಳುವವ. ಉದ್ದನೆಯ ರಟ್ಟಿನ ಪುಸ್ತಕ, ಅದರಲ್ಲಿ ನಲವತ್ತೊಂದು ಮನೆಯ ವಿಳಾಸ. ತೊಂಬತ್ತರ ದಶಕದಲ್ಲಿ ನಾನು ಟೈಪಿಂಗ್ ಕಲಿತು ಕೆಲಸ ಹುಡುಕುತ್ತ ತಿರುಗುತ್ತಿದ್ದಾಗ, ಅಕ್ಷರ ಚಂದ ಎಂಬ ಕಾರಣಕ್ಕೆ ಈ ಕಾರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾರೇ ಸತ್ತರೂ ನಲವತ್ತೊಂದು ಕಾರ್ಡು ಬರೆಯಬೇಕು. ಆ ವಿಳಾಸಗಳು ನನಗೆ ಮಗ್ಗಿಯ ಹಾಗೆ ಬಾಯಿಗೆ ಬಂದುಬಿಟ್ಟವು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇರಲಿಲ್ಲ. ಅವರು ಬೇರೆ ಕುಟುಂಬ ಸೇರಿದವರು, ನಮ್ಮ ಮನೆಗಳ ಸೂತಕ ಅವರಿಗೆ ಇಲ್ಲ ಅಥವಾ ಇದ್ದರೂ ನಾಮಮಾತ್ರ. ಸಿದ್ದಾಪುರದ ಆಚೆ ಕೊಟ್ಟ ನನ್ನ ಸ್ವಂತ ಅಕ್ಕನ ಹೆಸರೂ ಇರಲಿಲ್ಲ. ಅದರಲ್ಲಿ ಏನೋ ತಪ್ಪಿದೆ ಎಂದು ನನಗೆ ಒಂದು ದಿನಕ್ಕೂ ಅನ್ನಿಸಿದ್ದಿಲ್ಲ.

ಆಮೇಲೆ ನಾನು ಅಂಗಡಿ ಹಾಕಿದೆ, ಇಂಟರ್ನೆಟ್ ಬಂತು. ಒಂದು ಕಂಪನಿಯ ವಿಷಯ ಯಾರೋ ಹೇಳಿದರು. ನಮ್ಮದೇ ಹೆಸರಿನ ಡಾಟ್ ಕಾಮ್ ಒಂದನ್ನು ಕೊಂಡರೆ ಸಾಕು, ಆ ಹೆಸರಿನಲ್ಲಿ ಬೇಕಾದಷ್ಟು ಮೇಲ್ ಪೆಟ್ಟಿಗೆಗಳನ್ನು ಅವರು ಪುಕ್ಕಟೆ ನಡೆಸಿಕೊಡುತ್ತಿದ್ದರು. ನನ್ನ ತಲೆ ಓಡಿತು. ಕುಟುಂಬದ ಹೆಸರನ್ನೇ ಕೊಂಡೆ. ನಮ್ಮಲ್ಲಿ ಜನರನ್ನು ಕರೆಯುವುದೇ ಮನೆಯ ಹೆಸರಿನಿಂದಲ್ಲವೇ? ಕೆಳಗಿನಮನೆ, ಹೊಸಮನೆ, ಕೆರೆಮನೆ ಎಂದು ಮನೆಗೊಂದು ವಿಳಾಸ ಮಾಡಿದೆ. ಕಂಪ್ಯೂಟರ್ ಇಲ್ಲದ ಮನೆಗಳ ಮೇಲನ್ನು ನಾನೇ ಪ್ರಿಂಟ್ ತೆಗೆದು, ಆ ಊರಿನ ಬಸ್ಸಿಗೆ ಕೊಟ್ಟು ಕಳಿಸುವುದು ಎಂದಾಯಿತು. ಇದನ್ನು ವಾನಳ್ಳಿ ಅಜ್ಜನಿಗೆ ಒಪ್ಪಿಸುವುದೇ ಕಷ್ಟದ ಕೆಲಸವಾಗಿತ್ತು.

"ಇದ್ರಲ್ಲಿ ಬಂದ ಸುದ್ದಿ ಹರಿಯೂದು ಹ್ಯಾಂಗೆ?" ಎಂದ.

"ಅಳಿಸಿದ್ರೆ ಆತು ಅಜ್ಜ."

"ಅಳಿಸಿದ್ದು ಕೈಗೆ ಗೊತ್ತಾಗ್ತನ?"

ಕೊನೆಗೆ ಪ್ರಿಂಟ್ ತೆಗೆದು ಹರಿಯುವುದು ಎಂದು ರಾಜಿಯಾಯಿತು. ಅಷ್ಟಾದ ಮೇಲೆ ನಾನು ಕುಟುಂಬದಲ್ಲಿ ದೊಡ್ಡ ಮನುಷ್ಯನೇ ಆಗಿಬಿಟ್ಟೆ. ಮದುವೆಮನೆಯಲ್ಲಿ ಎರಡನೇ ಪಂಕ್ತಿಯ ಮೂಲೆಯಲ್ಲಿ ಕೂರುತ್ತಿದ್ದವನನ್ನು ಮೊದಲ ಪಂಕ್ತಿಗೆ ಕರೆಯತೊಡಗಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಗಂಗತ್ತೆ ಅಂಗಡಿಗೆ ಬಂದಳು. ಗಂಗತ್ತೆ ಎಂದರೆ ನನ್ನ ಅಪ್ಪನ ದಾಯಾದಿ ತಂಗಿ. ಹುಟ್ಟಿದ್ದು ಮನ್ಮನೆಯಲ್ಲಿ, ಕೊಟ್ಟದ್ದು ಯಲ್ಲಾಪುರದ ಆಚೆ ಕಿರವತ್ತಿಗೆ. ಅಲ್ಲಿನ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾಗಿದ್ದಳು. ಬೆಂಚಿನ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪೀಠಿಕೆಯಿಲ್ಲದೆ ಹೇಳಿದಳು.

"ತಮಾ, ಯನ್ನ ಹೆಸ್ರೂ ಅದ್ರಲ್ಲಿ ಹಾಕು."

"ನಿಂಗೆ ಸೂತಕ ಬತ್ತಿಲ್ಲೆ ಅತ್ತೆ. ಅಜ್ಜ ಒಪ್ಪತ್ನಿಲ್ಲೆ."

"ಸೂತಕ ಬ್ಯಾಡ ತಮಾ. ಸುದ್ದಿ ಬೇಕು."

ಅವಳ ಚಿಕ್ಕಮ್ಮ ಸತ್ತ ಸುದ್ದಿ ಅವಳಿಗೆ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲಂತೆ. ಯಾರದೋ ಮದುವೆಯ ಊಟದಲ್ಲಿ. "ಪಾಯಸ ಬಡಸಕಾರೆ ಒಬ್ಬವ ಹೇಳ್ದ. ಎಲೆ ಬಿಟ್ಟು ಏಳಲೂ ಆಗ್ತಿಲ್ಲೆ, ಉಂಬಲೂ ಆಗ್ತಿಲ್ಲೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಸರಸತ್ತಿಗೆಗೆ ಏನಾದ್ರೂ ಆದ್ರೆ ಯಂಗೆ ಹಂಗಪ್ಪಲಾಗ" ಎಂದಳು.

ಸರಸತ್ತಿಗೆ, ಎಂದರೆ ನನ್ನ ಸರಸ ದೊಡ್ಡಮ್ಮ, ಗಂಗತ್ತೆಯ ದೊಡ್ಡಪ್ಪನ ಮಗನ ಹೆಂಡತಿ. ಮನ್ಮನೆಯ ಆ ಕಾಲದ ಒಟ್ಟು ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾರು, ಗಂಗತ್ತೆಗೆ ಹದಿನಾಲ್ಕು. ಗಂಗತ್ತೆ ಮುಂದೆ ಓದಬೇಕೆಂದು ಹಟ ಹಿಡಿದಾಗ ಮನೆಯಲ್ಲಿ ಅವಳ ಪರವಾಗಿ ಮಾತಾಡಿದ್ದು ಈ ಹೊಸ ಸೊಸೆಯೊಬ್ಬಳೇ. ಅವಳ ಪಾಲಿನ ಮನೆಗೆಲಸವನ್ನೂ ತಾನೇ ಮಾಡಿ ಅವಳನ್ನು ಪರೀಕ್ಷೆಗೆ ಓದಿಸಿದಳಂತೆ. ಇಂಥ ನಂಟಿಗೆ ಅಜ್ಜನ ಲೆಕ್ಕದಲ್ಲಿ ಎಷ್ಟು ದಿನದ ಸೂತಕ ಎಂದು ಕೇಳಿದರೆ, ಏನೂ ಇಲ್ಲ.

ನಾನು ಅಜ್ಜನಿಗೆ ತಿಳಿಸದೆ ಗಂಗತ್ತೆಗೊಂದು ವಿಳಾಸ ಮಾಡಿಕೊಟ್ಟೆ. ಅವಳು ವಾರಕ್ಕೊಮ್ಮೆ ಯಲ್ಲಾಪುರಕ್ಕೆ ಬಂದು ಅಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಮೇಲ್ ನೋಡತೊಡಗಿದಳು. ನೋಡುವುದಷ್ಟೇ ಅಲ್ಲ, ಬರೆಯತೊಡಗಿದಳು. ಸರಸ ದೊಡ್ಡಮ್ಮನಿಗೆ ಕಿವಿ ಮಂದವಾಗಿದ್ದರಿಂದ ಫೋನು ಉಪಯೋಗಕ್ಕಿರಲಿಲ್ಲ. ಹೀಗಾಗಿ ಗಂಗತ್ತೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಮನ್ಮನೆಯ ವಿಳಾಸಕ್ಕೆ ಕಳಿಸುವುದು, ನಾನು ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರ ಮಾಡಿ ಪ್ರಿಂಟ್ ತೆಗೆದು ಮನ್ಮನೆ ಬಸ್ಸಿಗೆ ಕೊಡುವುದು, ದೊಡ್ಡಮ್ಮ ಚೀಟಿಯಲ್ಲಿ ಬರೆದು ಕಳಿಸಿದ ಉತ್ತರವನ್ನು ನಾನು ಟೈಪು ಮಾಡಿ ಕಿರವತ್ತಿಗೆ ಕಳಿಸುವುದು. ಮೂರು ವರ್ಷ ಹೀಗೆ ನಡೆಯಿತು. ಇಬ್ಬರು ಹೆಂಗಸರ ಮಂಡಿನೋವು, ಮಲ್ಲಿಗೆ ಗಿಡ, ಮೊಮ್ಮಕ್ಕಳ ಜಗಳ ಎಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುತ್ತಿದ್ದೆ.

ಈಗ ನಮ್ಮವರ ಒಂದು ಗುಟ್ಟು ಹೇಳಬೇಕು. ದೂರದ ದಾಯಾದಿಯ ಸೂತಕ ಸುದ್ದಿ ಕೇಳಿದವರಿಗೆ ಮಾತ್ರ. ಕೇಳುವವರೆಗೆ ಅದು ಹತ್ತಿರ ಸುಳಿಯುವುದಿಲ್ಲ. ಮನೆಯಲ್ಲಿ ಮುಂಜಿಯೋ ಮದುವೆಯೋ ನಿಶ್ಚಯವಾಗಿದ್ದಾಗ ಇಂಥ ಸುದ್ದಿ ಬಂದರೆ ಎಲ್ಲ ನಿಂತುಹೋಗುತ್ತದೆ. ಆದ್ದರಿಂದ ಕಾರ್ಯ ಹತ್ತಿರ ಬಂದ ಹಾಗೆ ಹಿಂದಿನವರು ಪೋಸ್ಟಿನವನನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದರು. ನಾನು ಮೇಲ್ ಶುರುಮಾಡಿದ ಮೇಲೆ ನಮ್ಮವರು ಅದನ್ನೂ ಅದೇ ರೀತಿಗೆ ತಂದುಕೊಂಡರು. ಮುಂಜಿಗೆ ಒಂದು ತಿಂಗಳಿದೆ ಎನ್ನುವಾಗಿನಿಂದ ಆ ಮನೆಯವರು ಮೇಲ್ ತೆರೆಯುತ್ತಿರಲಿಲ್ಲ.

ನನ್ನ ಮಗನ ಮುಂಜಿ ಬಂತು. ಪೆಟ್ಟಿಗೆಗಳಿಗೆಲ್ಲ ಯಜಮಾನನಾದ ನಾನು ತೆರೆಯದೆ ಇರುತ್ತೇನೆಂದು ಹೆಂಡತಿಗೆ ನಂಬಿಕೆ ಇರಲಿಲ್ಲ. ಪಾಸ್‌ವರ್ಡ್ ಬರೆದಿಟ್ಟ ಚೀಟಿಯನ್ನು ನನ್ನಿಂದ ಇಸಿದುಕೊಂಡು ದೇವರ ಕೋಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಅದು ನನಗೆ ನೆನಪಿನಲ್ಲೂ ಇರಲಿಲ್ಲ, ಆ ಮಟ್ಟದ ಯಜಮಾನ ನಾನು. ಗಂಗತ್ತೆಗೂ ದೊಡ್ಡಮ್ಮನಿಗೂ ಒಂದು ತಿಂಗಳು ಪತ್ರ ಬೇಡ ಎಂದು ಹೇಳಿ ಕಳಿಸಿದೆ. ಇಬ್ಬರೂ ಮುಂಜಿಗೆ ಬಂದಿದ್ದರು. ಇಡೀ ದಿನ ಚಪ್ಪರದ ಒಂದೇ ಕಂಬಕ್ಕೆ ಒರಗಿ ಕೂತು ಮಾತಾಡಿದರು. ಹೊರಡುವಾಗ ದೊಡ್ಡಮ್ಮ ತಾನು ತಂದಿದ್ದ ಕೆಂಪು ದಾಸವಾಳದ ಒಂದು ಗೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಗಂಗತ್ತೆಯ ಚೀಲಕ್ಕೆ ಇಟ್ಟದ್ದನ್ನು ನಾನು ಕಂಡಿದ್ದೇನೆ.

ಮುಂಜಿ ಮುಗಿದು, ಚೀಟಿ ಕೈಗೆ ಬಂದು, ಪೆಟ್ಟಿಗೆ ತೆರೆಯಹೋದರೆ ತೆರೆಯಲಿಲ್ಲ. ಕಂಪನಿಯವರು ಪುಕ್ಕಟೆ ಸೇವೆ ನಿಲ್ಲಿಸಿದ್ದರು. ಇಂಥ ದಿನದೊಳಗೆ ಹಣ ಕಟ್ಟಿ, ಇಲ್ಲವೇ ನಿಮ್ಮ ಮೇಲುಗಳನ್ನು ಇಳಿಸಿಕೊಳ್ಳಿ ಎಂದು ಮೂರು ಸಲ ತಿಳಿಸಿದ್ದರಂತೆ. ಮೂರೂ ಸಲ ಅದೇ ಪೆಟ್ಟಿಗೆಗೆ. ಆ ಒಂದು ತಿಂಗಳು ನಾನು ಸಾವಿನ ಸುದ್ದಿಗೆ ಹೆದರಿ ಅದನ್ನು ಮುಟ್ಟಿರಲಿಲ್ಲ. ಕೊಟ್ಟ ದಿನ ಕಳೆದುಹೋಗಿತ್ತು. ನಾನು ಕೂಗಾಡಬಹುದಿತ್ತು, ಆದರೆ ಯಾರ ಮೇಲೆ? ಇಷ್ಟು ವರ್ಷ ಬಿಡಿಗಾಸಿಲ್ಲದೆ ನಡೆಸಿಕೊಟ್ಟವರ ಮೇಲೆ ಕೂಗಾಡಲು ಬಾಯಿ ಬರಲಿಲ್ಲ. ಆ ಇಬ್ಬರು ಹೆಂಗಸರ ಮೂರು ವರ್ಷದ ಮಾತು ಅದರೊಳಗಿತ್ತು, ಅದೂ ಹೋಯಿತು.

ಬೇರೆ ದಾರಿ ಹುಡುಕಲು ಕೂತೆ. ಒಬ್ಬರು ಐದೇ ವಿಳಾಸ ಪುಕ್ಕಟೆ ಕೊಡುತ್ತೇವೆಂದರು. ಐದು ಮನೆಗಳನ್ನು ಆರಿಸಿ ಉಳಿದವರ ಬಾಯಿಗೆ ಸಿಗುವ ಧೈರ್ಯ ನನಗಿರಲಿಲ್ಲ. ಇನ್ನೊಬ್ಬರದು ಎರಡು ದಿನ ಸರಿಯಾಗಿ ನಡೆದು ಮೂರನೆಯ ದಿನ ನಮ್ಮ ಮೇಲುಗಳನ್ನೆಲ್ಲ ಕಸವೆಂದು ಬದಿಗೆ ಹಾಕಿತು. ಕೊನೆಗೆ ಸ್ವಂತ ಹೆಸರಿನ ದೊಡ್ಡಸ್ತಿಕೆಯನ್ನು ಬಿಟ್ಟು, ಎಲ್ಲ ಮನೆಗೂ ಜನಸಾಮಾನ್ಯರ ಪುಕ್ಕಟೆ ವಿಳಾಸವನ್ನೇ ಮಾಡಿಸಿ, ಒಂದು ಪತ್ರ ಬರೆದರೆ ಎಲ್ಲರಿಗೂ ಹೋಗುವಂತೆ ಗುಂಪು ಕಟ್ಟಿದೆ. ಒಬ್ಬೊಬ್ಬರದನ್ನೇ ಸೇರಿಸುವಾಗ ಯಾರೂ ಬಿಟ್ಟುಹೋಗಬಾರದೆಂದು ವಾನಳ್ಳಿಗೆ ಹೋಗಿ ಅಜ್ಜನ ಪುಸ್ತಕವನ್ನೇ ತಂದು ಎದುರಿಗಿಟ್ಟುಕೊಂಡೆ. ಪ್ರತಿ ಹೆಸರಿಗೂ ಪೆನ್ಸಿಲಿನಿಂದ ಗುರುತು ಹಾಕಿದೆ. ನಲವತ್ತೊಂದು. ಸರಿಯಾಯಿತು ಎಂದು ಪುಸ್ತಕ ಮುಚ್ಚಿದೆ.

ಆ ವಾರವೇ ಸರಸ ದೊಡ್ಡಮ್ಮ ತೀರಿಕೊಂಡಳು. ಬೆಳಿಗ್ಗೆ ಹೂ ಕೊಯ್ಯಲು ಹೋದವಳು ಗಿಡದ ಬುಡದಲ್ಲಿ ಕೂತಿದ್ದಳಂತೆ, ಏಳಲಿಲ್ಲ. ನಾನು ಮನ್ಮನೆಗೆ ಹೋಗಿ ಎಲ್ಲ ಮುಗಿಸಿ ಬಂದು ನಾಲ್ಕು ಸಾಲು ಬರೆದು ಗುಂಪಿಗೆ ಕಳಿಸಿದೆ. ಅವಳ ಮಕ್ಕಳು ಕೇಳಿದಾಗ "ಎಲ್ಲರಿಗೂ ಹೋತು" ಎಂದೆ. ನನ್ನ ಮೇಲೆ ನಂಬಿಕೆ ಇಟ್ಟು ಅವರು ಯಾರಿಗೂ ಫೋನು ಮಾಡಲಿಲ್ಲ.

ಗಂಗತ್ತೆಯಿಂದ ಒಂದು ಸಾಲೂ ಬರಲಿಲ್ಲ. ದುಃಖದಲ್ಲಿದ್ದಾಳೆ, ಏನು ಬರೆದಾಳು ಎಂದುಕೊಂಡೆ. ಫೋನು ಎತ್ತಿ ಮಾತಾಡಿಸಬಹುದಿತ್ತು. ಅಳುವವರ ಹತ್ತಿರ ಏನು ಮಾತಾಡುವುದು ಎಂಬ ಅಂಜಿಕೆಯನ್ನು ನಾನು ಮರ್ಯಾದೆ ಎಂದು ತಿಳಿದೆ. ಹೀಗೆ ದಿನ ಕಳೆದವು.

ಒಂದೂವರೆ ತಿಂಗಳಾದ ಮೇಲೆ ಅಂಗಡಿಗೆ ಒಂದು ಕಾರ್ಡು ಬಂತು. ಮೇಲೆ ಶ್ರೀಕಾರ, ಟೀಚರ ದುಂಡು ಅಕ್ಷರ. "ಚಿರಂಜೀವಿಗೆ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನೀನು ಮಾಡಿಕೊಟ್ಟ ಮೇಲ್ ಪೆಟ್ಟಿಗೆ ತೆರೆಯುತ್ತಲೇ ಇಲ್ಲ. ಸೆಂಟರಿನವರು ಲೈನಿನ ತೊಂದರೆ ಎನ್ನುತ್ತಾರೆ. ಆದ್ದರಿಂದ ಈ ಕಾರ್ಡು. ಸರಸತ್ತಿಗೆ ಕೊಟ್ಟ ದಾಸವಾಳ ಎರಡು ಎಲೆ ಬಿಟ್ಟಿದೆ ಎಂದು ಅವಳಿಗೆ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ಅವಳ ಮಂಡಿನೋವು ಹೇಗಿದೆ?"

ನಾನು ಅಂಗಡಿಯಲ್ಲಿ ಕೂತವನು ಎದ್ದು ನಿಂತೆ. ನಲವತ್ತೊಂದು ಗುರುತುಗಳೂ ಕಣ್ಣ ಮುಂದೆ ಬಂದವು. ಅವಳನ್ನು ಸೇರಿಸಿದ್ದು ಹಳೆಯ ಪೆಟ್ಟಿಗೆಗೆ, ನಾನೊಬ್ಬನೇ, ಯಾರಿಗೂ ಹೇಳದೆ. ಅಜ್ಜನ ಪುಸ್ತಕದಲ್ಲಿ ಅವಳಿರಲಿಲ್ಲ. ಅವಳು ನನ್ನಲ್ಲಿ ಕೇಳಿದ್ದೇ ಒಂದು. ಆ ಒಂದನ್ನೇ ನಾನು ಮಾಡಿರಲಿಲ್ಲ.

ಫೋನಿನಲ್ಲಿ ಹೇಳುವ ಮುಖ ನನಗಿರಲಿಲ್ಲ. ಕಳಿಸಿದ್ದ ಮೇಲಿನ ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಕಿರವತ್ತಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ರಸ್ತೆ ಬದಿಯ ಢಾಬಾದವನನ್ನು ಗಂಗತ್ತೆಯ ಮನೆ ಎಲ್ಲಿ ಎಂದು ಕೇಳಿದೆ.

"ಟೀಚರಮ್ಮಾರ ಮನಿ ಏನ್ರಿ? ಇದ ಹಿಂದಿನ ಓಣಿ. ಬರ್ರಿ, ಚಾ ಕುಡದ ಹೋಗ್ರಿ" ಎಂದ. ಬೇಡವೆಂದು ನಡೆದೆ.

ಗಂಗತ್ತೆ ಅಂಗಳದಲ್ಲೇ ಇದ್ದಳು. ಎಣ್ಣೆ ಡಬ್ಬಿಯಲ್ಲಿ ನೆಟ್ಟ ಗಿಡಕ್ಕೆ ಚೊಂಬಿನಿಂದ ನೀರು ಹನಿಸುತ್ತಿದ್ದಳು. ಎರಡಲ್ಲ, ನಾಲ್ಕು ಎಲೆ ಬಂದಿದ್ದವು. ನನ್ನನ್ನು ಕಂಡು ಮುಖ ಅರಳಿತು.

"ಬಾ ತಮಾ. ಕಾರ್ಡು ಮುಟ್ಟಿತನ? ಎಂತಕ್ಕೆ ಅಲ್ಲೇ ನಿಂತೆ?"

ನಾನು ಅಂಗಳದ ಅಂಚಿನಲ್ಲೇ ನಿಂತಿದ್ದೆ. ಹಾಗೆ ನಿಲ್ಲುವವರು ಯಾವಾಗ ನಿಲ್ಲುತ್ತಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚೊಂಬನ್ನು ಕೆಳಗಿಟ್ಟಳು.

"ಯಾರು?"

"ಸರಸ ದೊಡ್ಡಮ್ಮ."

"ಯಾವಾಗ?"

"ಒಂದೂವರೆ ತಿಂಗಳಾತು ಅತ್ತೆ."

ಅವಳು ಗಿಡವನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ನಾನು ಸುಮ್ಮನಿರಬೇಕಿತ್ತು. "ಎಲ್ಲರಿಗೂ ಕಳ್ಸಿದ್ದಿ. ಪುಸ್ತಕ ನೋಡಿ ಸೇರ್ಸಕಾರೆ ನಿನ್ನ ಹೆಸ್ರು ಬಿಟ್ಟೋತು" ಎಂದೆ.

"ಬಿಟ್ಟೋದ್ದಲ್ಲ ತಮಾ. ಅದ್ರಲ್ಲಿ ಇತ್ತಿಲ್ಲೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಚೊಂಬನ್ನು ಬದಿಗೆ ಸರಿಸಿ, "ಎಂತ ಬರದಿದ್ದೆ ಎಲ್ಲರಿಗೂ? ಓದು" ಎಂದಳು.

ನಾನು ಜೇಬಿನಿಂದ ಕಾಗದ ತೆಗೆದು ಓದಿದೆ. ನಾಲ್ಕೇ ಸಾಲು. ಯಾರು, ಯಾವ ದಿನ, ಯಾವ ಹೊತ್ತು, ಹನ್ನೊಂದನೆಯ ದಿನದ ಕ್ರಿಯೆ ಯಾವಾಗ ಎಂದು. ಮೂರು ವರ್ಷ ಅವರಿಬ್ಬರ ಮಾತನ್ನು ಅಕ್ಷರ ಅಕ್ಷರ ಟೈಪು ಮಾಡಿದವನು ಅವಳ ಬಗ್ಗೆ ಬರೆದದ್ದು ಇಷ್ಟೇ ಆಗಿತ್ತು.

"ಕೊಡು ಇಲ್ಲಿ" ಎಂದು ಕೈ ಚಾಚಿದಳು. ಕಾಗದವನ್ನು ಹಿಡಿದುಕೊಂಡು ತಾನೂ ಒಮ್ಮೆ ಓದಿದಳು. "ಇಷ್ಟು ವಯಸ್ಸಾತು. ಯನ್ನ ಮನೆಯವು ಎಷ್ಟೋ ಜನ ಹೋದ. ಹರಿಯಲೆ ಹೇಳಿ ಒಂದು ಕಾರ್ಡು ಯಂಗೆ ಯಾವತ್ತೂ ಬೈಂದಿಲ್ಲೆ" ಎಂದಳು. ಮತ್ತೆ ಅದನ್ನು ನಿಧಾನವಾಗಿ ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ ಬೇಲಿಯ ಬುಡಕ್ಕೆ ಹಾಕಿದಳು. ಆಮೇಲೆ ಅತ್ತಳು. ನಾನೂ ಅತ್ತೆ. ಈ ಸಲ ಕಾರಣ ದೋಸೆಯಾಗಿರಲಿಲ್ಲ.

ಅವಳ ಸೊಸೆ ಬಾಗಿಲಿಗೆ ಬಂದಿದ್ದಳು. ಗಂಗತ್ತೆ ಹಾಗೆಯೇ ಬಚ್ಚಲಿನ ಕಡೆ ಹೊರಟದ್ದನ್ನು ಕಂಡು, "ಅತ್ತೆ, ನಿಂಗಕ್ಕೆ ಸೂತಕ ಇಲ್ಲೆ. ಮೀಯದೆ ಇದ್ರೂ ಅಡ್ಡಿಲ್ಲೆ" ಎಂದಳು.

"ಇದ್ದು. ಇವತ್ತಿಂದ ಹತ್ತು ದಿನ ಆನು ಒಳಗೆ ಮುಟ್ತಿಲ್ಲೆ. ಅಡಿಗೆ ನೀ ನೋಡ್ಕ" ಎಂದು ಬಚ್ಚಲ ಬಾಗಿಲು ಹಾಕಿಕೊಂಡಳು. ಉಟ್ಟ ಸೀರೆಯ ಮೇಲೇ ಕೊಡ ಕೊಡ ನೀರು ಹೊಯ್ದುಕೊಳ್ಳುವ ಸದ್ದು ಅಂಗಳಕ್ಕೆ ಕೇಳುತ್ತಿತ್ತು.

ಆ ಹತ್ತು ದಿನವೂ ಅವಳು ಹಾಗೆಯೇ ಇದ್ದಳಂತೆ. ಹನ್ನೊಂದನೆಯ ದಿನ ನಾನು ಪುಸ್ತಕ ಹಿಂದೆ ಕೊಡಲೆಂದು ವಾನಳ್ಳಿಗೆ ಹೋದೆ. ಅಜ್ಜನಿಗೆ ಎಲ್ಲವನ್ನೂ ಹೇಳಿದೆ, ಕದ್ದು ವಿಳಾಸ ಮಾಡಿಕೊಟ್ಟದ್ದನ್ನೂ. ಬೈಯುತ್ತಾನೆಂದುಕೊಂಡಿದ್ದೆ. ಅವನು ಎಲೆಯಡಿಕೆಯ ಕವಳ ಜಗಿಯುತ್ತ ಕೇಳಿಸಿಕೊಂಡ.

"ಹತ್ತು ದಿನ ಸೂತಕ ಹಿಡದ್ತನ?" ಎಂದು ಕೇಳಿದ.

"ಹಿಡದ್ತು ಅಜ್ಜ. ಆನು ಹೇಳಿದ ದಿನದಿಂದ."

ಅಜ್ಜ ಎದ್ದು ಹೋಗಿ ಕವಳ ಉಗುಳಿ ಬಾಯಿ ತೊಳೆದು ಬಂದ. ಪುಸ್ತಕ ತೆಗೆದು, ಬರೆದ ಹಾಳೆಗಳನ್ನೆಲ್ಲ ದಾಟಿ, ಕೊನೆಯ ಖಾಲಿ ಪುಟದ ನೆತ್ತಿಯ ಮೇಲೆ "ಹೆಣ್ಣುಮಕ್ಕಳು" ಎಂದು ಬರೆದ. ಕೆಳಗೆ ಗಂಗತ್ತೆಯ ಹೆಸರು, ಕಿರವತ್ತಿ. ಅದು ಒಣಗಲೆಂದು ಊದಿದ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಅಕ್ಕನ ವಿಳಾಸ ಹೇಳು" ಎಂದ.

ಸಿದ್ದಾಪುರದಲ್ಲಿ ಬಸ್ಸಿಳಿದು ಅಕ್ಕನ ಮನೆಗೆ ಕಣ್ಣು ಮುಚ್ಚಿಕೊಂಡು ನಡೆದು ಹೋಗಬಲ್ಲೆ. ಯಾವ ಪೋಸ್ಟು, ಗಂಡನ ಮನೆಯ ಹೆಸರನ್ನು ಹೇಗೆ ಬರೆಯಬೇಕು, ಅವಳಿಗೆ ಮೇಲ್ ಇದೆಯೋ ಇಲ್ಲವೋ ಒಂದೂ ಗೊತ್ತಿರಲಿಲ್ಲ. ನಲವತ್ತೊಂದು ಮನೆಯ ವಿಳಾಸ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅಕ್ಕನದು ಬಾಯಿಗೆ ಬರಲಿಲ್ಲ. ಅಜ್ಜ ಪೆನ್ನು ಹಿಡಿದುಕೊಂಡು ಕಾಯುತ್ತಿದ್ದ.